ಬೊಂ ತೊಂ ಕಲಿತು ಉಪವಾಸ ಬಿದ್ದದ್ದು

‘ಬೊಂ ತೊಂ’ ಎಂಬ ಫ್ರೆಂಚ್ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಅಕ್ಕಾರು. ಅಂದರೆ ದೊಡ್ಡ ಮಂದಿಯ ನಾಜೂಕು ನಡವಳಿಕೆ. ಅದು ಕಿವಿಗೆ ಬಿದ್ದಂದಿನಿಂದ ನನಗೆ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇದೆ.

೧. ಚಹಾ

ಖಾನಾಪುರದಿಂದ ಬೆಳಗಾವಿಗೆ ವರ್ಗವಾಗಿ ಒಬ್ಬಳೇ ಮನೆ ಮಾಡಿದ್ದೆ. ಮನೆಯಲ್ಲಿ ದನಿ ಇದ್ದದ್ದು ಕುಕ್ಕರಿಗೆ ಮಾತ್ರ. ಹಾಗಾಗಿ ಅಕ್ಕಾರು ಕರೆದಾಗ ಓಡಿದೆ.

"ಚಾ ಮಾಡ್ಲೇನ್ರಿ?"

"ಬ್ಯಾಡ್ರಿ, ಈಗರ ಕುಡದು ಬಂದೇನಿ."

ನಮ್ಮ ಕಡೆ ಇದರ ಅರ್ಥ, ಹಾಲು ಜಾಸ್ತಿ ಹಾಕ್ರಿ ಅಂತ. ಅಕ್ಕಾರು "ಆತ್ ಬಿಡ್ರಿ" ಎಂದು ಕೂತೇಬಿಟ್ಟರು. "ಒತ್ತಾಯ ಮಾಡೂದು ಹಳ್ಳಿ ರೀತಿ. ಒಮ್ಮೆ ಕೇಳಬೇಕು, ಬಿಡಬೇಕು. ಅದಕ್ಕ ಬೊಂ ತೊಂ ಅಂತಾರ."

ಮನೆಗೆ ಬಂದು ಚಹಾ ಮಾಡಿದೆ. ಬ್ಯಾಡ ಬ್ಯಾಡ ಅಂದರೂ ನನಗೆ ನಾನೇ ಒತ್ತಾಯ ಮಾಡಿ ಕುಡಿಸಿದೆ.

೨. ಹೋಳಿಗೆ

ಕಲಿತದ್ದನ್ನು ಖಾನಾಪುರದ ಒಂದು ಮದುವೆ ಊಟದಲ್ಲಿ ತೋರಿಸಹೋದೆ. ಹೋಳಿಗೆ ಬಂತು. ನಾಜೂಕಾಗಿ ನಕ್ಕು "ಸಾಕು, ಥ್ಯಾಂಕ್ಯೂ" ಅಂದೆ. ಎಲೆಗೆ ಬಿತ್ತು. ಮತ್ತೆ ನಕ್ಕೆ, ಮತ್ತೆ ಬಿತ್ತು. ಕಡೆಗೆ ಸಿಟ್ಟಾದೆ.

ಬಡಿಸುವವರು ನನಗಿಂತ ಸಿಟ್ಟಾದರು: "ಬ್ಯಾಡಾಗಿದ್ರ ಎಲಿ ಮ್ಯಾಲೆ ಅಡ್ಡ ಬೀಳ್ರಿ ಅಕ್ಕಾರ! ನಕ್ಕೋತ ಕುಂತ್ರ ನಮಗ ಹೆಂಗ ತಿಳೀಬೇಕು?"

೩. ಕುಂದಾ

ಒಂದು ರವಿವಾರ ಅಕ್ಕಾರೇ ನಮ್ಮನೆಗೆ ಬರುತ್ತೇನೆಂದರು. ವರ್ಗವಾಗಿ ಬಂದ ಮೇಲೆ ಅವರೇ ಮೊದಲ ಅತಿಥಿ. ಬೆಳಗಾವಿಯ ಸಿಹಿ ಕುಂದಾ ತಂದು ಅಡುಗೆಮನೆಯಲ್ಲಿಟ್ಟೆ, ಎರಡನೇ ಕುರ್ಚಿಯ ಧೂಳು ಹೊಡೆದೆ.

"ಕುಂದಾ ತಗೋತೀರೇನ್ರಿ?"

"ಬ್ಯಾಡ್ರಿ."

ಒಮ್ಮೆ ಕೇಳಿದ್ದಾಯಿತು, ಬಿಟ್ಟೆ. ನೀರಿನ ಟಾಕಿಯ ಮಾತು ಮುಗಿಯಿತು, ಬಿಸಿಲಿನ ಮಾತು ಮುಗಿಯಿತು. ಅಕ್ಕಾರು ಅಡುಗೆಮನೆಯ ಕಡೆ ನೋಡಿ ನೋಡಿ ಎದ್ದುಹೋದರು. ಇನ್ನು ಇವರು ಬರುವುದಿಲ್ಲ ಅನ್ನಿಸಿತು. ಕುಂದಾದ ಡಬ್ಬಿಯ ಎದುರು ಸುಮ್ಮನೆ ಕೂತೆ.

ಬೆಲ್ ಆಯಿತು. ಅಕ್ಕಾರು!

"ನನ್ನ ಛತ್ರಿ ಇಲ್ಲೇ ಉಳೀತೇನ್ರಿ?"

"ನೀವು ಛತ್ರಿ ತಂದೇ ಇರಲಿಲ್ಲಲ್ರಿ."

"ಹೌದ?" ಎಂದು ಬಾಗಿಲಲ್ಲೇ ನಿಂತರು. ಆಮೇಲೆ ಹಿಂದಿನ ಮೆಟ್ಟಿಲು ತೋರಿಸಿ ಸಣ್ಣ ದನಿಯಲ್ಲಿ, "ಇನ್ನೊಮ್ಮೆ ಕರೀತೀರಿ ಅಂತ ಇಷ್ಟೊತ್ತು ಪಾವಟಿಗಿ ಮ್ಯಾಲೆ ನಿಂತಿದ್ದೆ. ನಮ್ಮನ್ಯಾಗೂ ಕೇಳಾವ್ರು ಯಾರದಾರ್ರಿ?"

"ಮತ್ತ ನಿಮ್ಮ ಬೊಂ ತೊಂ?"

"ಅದು ಕೊಡೂಮುಂದರಿ! ತಿನ್ನೂಮುಂದ ನಾ ಬೆಳಗಾವ್ಯಾಕಿನ!"

ಡಬ್ಬಿ ಖಾಲಿಯಾಗುವವರೆಗೂ ಇಬ್ಬರೂ ಬ್ಯಾಡ ಬ್ಯಾಡ ಅನ್ನುತ್ತಲೇ ಇದ್ದೆವು.

ನಿಮ್ಮ ಪಾವಟಿಗೆಯ ಮೇಲೂ ಯಾರೋ ನಿಂತಿರಬಹುದು, ಇನ್ನೊಮ್ಮೆ ಕರೆಯಿರಿ. ಬಾಜೂ ಮನೆಯವರಿಗೂ ಇದನ್ನು ಹೇಳಿರಿ. ಅವರು ಬ್ಯಾಡ ಅಂದರೂ ಹೇಳಿರಿ.