ನುಗ್ಗೆಕಾಯಿಗೆ ಬೆಲೆ ಕೇಳುವುದು

ನಾನು ಬಹಳ ವರ್ಷ ರೈತರಿಗೆ ಬೇಸಾಯ ಕಲಿಸುವ ಕೆಲಸ ಮಾಡಿದೆ. ಹೆಂಡತಿ ಎದುರಿಗಿದ್ದರೆ ಈ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇನೆ. ಸಂತೇಬೆನ್ನೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮುಂದಿನ ತುಳಸಿಗಿಡವನ್ನು ಮೂರು ಸಲ ಒಣಗಿಸಿದವನು ನಾನೇ. ಆದರೆ ಕಲಿಸುವುದಕ್ಕೂ ಮಾಡುವುದಕ್ಕೂ ಸಂಬಂಧವಿರಬೇಕೆಂಬ ನಿಯಮ ಎಲ್ಲೂ ಇಲ್ಲವಲ್ಲ. ಈಜು ಬಾರದವನೂ ದಡದ ಮೇಲೆ ನಿಂತು ಕೈಕಾಲು ಹೇಗೆ ಬಡಿಯಬೇಕೆಂದು ಕೂಗಿ ಹೇಳಬಹುದು; ನೀರಿನಲ್ಲಿರುವವನು ಕೇಳಿಸಿಕೊಳ್ಳದಿದ್ದರೆ ಯಾರಿಗೂ ಅಪಾಯವಿಲ್ಲ. ನನ್ನ ರೈತರ ಕಷ್ಟವೆಂದರೆ, ಅವರಲ್ಲಿ ಕೆಲವರು ಕೇಳಿಸಿಕೊಳ್ಳುತ್ತಿದ್ದರು.

ಹಾಗೆ ಕೇಳಿಸಿಕೊಂಡವರಲ್ಲಿ ಕರಿಬಸಪ್ಪ ಒಬ್ಬರು. ಇದು ಎಪ್ಪತ್ತರ ದಶಕದ ಕೊನೆಯೋ ಎಂಬತ್ತರ ಮೊದಲೋ, ಖಚಿತವಿಲ್ಲ. ನನ್ನ ನೆನಪು ಆಗಿನ ನನ್ನ ಸೈಕಲ್ಲಿನ ಹಾಗೆ, ಇಳಿಜಾರು ಕಂಡ ಕಡೆಗೆ ತಾನಾಗಿಯೇ ತಿರುಗಿಕೊಳ್ಳುತ್ತದೆ. ಅವರ ಹೊಲಕ್ಕೆ ಮೊದಲು ಹೋದಾಗ ಸಂಜೆಯ ಹೊಂಬಿಸಿಲಿತ್ತು ಎಂದು ಈಗಷ್ಟೇ ಬರೆದು ಹೊಡೆದುಹಾಕಿದೆ. ಸಂಜೆಯ ಹೊತ್ತು ನಾನು ಯಾರ ಹೊಲಕ್ಕೂ ಹೋದವನಲ್ಲ. ಬಹುಶಃ ಮಧ್ಯಾಹ್ನ, ಅದೂ ಊಟದ ಹೊತ್ತಿಗೆ ಸರಿಯಾಗಿ. ಅವರಿಗಿದ್ದದ್ದು ಊರ ಹೊರಗೆ ಎರಡು ಎಕರೆ ಖುಷ್ಕಿ, ಮಳೆ ಬಂದರೆ ಬೆಳೆ. ಎರಡರಲ್ಲೂ ಜೋಳ. ಕರಿಬಸಪ್ಪನವರಿಗೆ ಮಾತು ಕಡಿಮೆ. ಆ ಕೊರತೆಯನ್ನು ಅವರ ಹೆಂಡತಿ ಹಾಲಮ್ಮ ಮನೆಯ ಮಟ್ಟಿಗೆ ತುಂಬಿಕೊಡುತ್ತಿದ್ದರು.

ನಾನು ಹೇಳಿದ್ದು ಇಷ್ಟು. ಒಂದು ಎಕರೆಯಲ್ಲಿ ಜೋಳ ಬಿಡಿ, ನುಗ್ಗೆ ಹಾಕಿ. ನಡುವೆ ಅವರೆ, ಹುರುಳಿ ಇರಲಿ, ಭೂಮಿಗೂ ಒಳ್ಳೆಯದು. ಚೀಲದ ಗೊಬ್ಬರ ಬೇಡ, ಸಗಣಿ ಕಸ ಹಾಕಿ ಗುಂಡಿಯಲ್ಲಿ ನೀವೇ ಗೊಬ್ಬರ ಮಾಡಿ. ನೀರು ಹೆಚ್ಚು ಕೇಳದ ಗಿಡ, ವರ್ಷ ವರ್ಷ ಕಾಯಿ, ಕಾಯಿಗೆ ಒಳ್ಳೆಯ ಬೆಲೆ. ದುಡ್ಡು ಕೊಂಬೆಯಲ್ಲೇ ತೂಗಾಡುತ್ತಿರುತ್ತದೆ ಎಂದೂ ಹೇಳಿದೆನಂತೆ. ಅಷ್ಟು ಕೀಳಾದ ಉಪಮೆ ನನ್ನದಾಗಿರಲಾರದು ಎಂಬ ಅನುಮಾನ ನನಗಿದೆ, ಆದರೆ ಹಾಲಮ್ಮ ಮುಂದೆ ಅದನ್ನು ಬೇಕಾದಷ್ಟು ಸಲ ಎತ್ತಿ ಆಡಿದ್ದಾರೆ. ಆ ದಿನ ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು:

"ಆ ಎಕರೇದಾಗೆ ನಮ್ಮ ವರ್ಷದ ಅರ್ಧ ರೊಟ್ಟಿ ಐತ್ರೀ ಸಾರ್. ನುಗ್ಗೆಕಾಯಿ ಬಡಿದು ರೊಟ್ಟಿ ಮಾಡಾಕಾಗ್ತೈತಾ?"

ಕಾಯಿ ಮಾರಿ ಜೋಳ ಕೊಳ್ಳಿ, ಅರ್ಧವಲ್ಲ, ಎರಡು ವರ್ಷದ ರೊಟ್ಟಿ ಬರುತ್ತದೆ ಎಂದೆ. ಹಾಗೆನ್ನುವಾಗ ಮೂರನೆಯ ರೊಟ್ಟಿ ನನ್ನ ತಟ್ಟೆಯಲ್ಲಿತ್ತು.

ಗಿಡಗಳು ನನ್ನ ಮಾತನ್ನು ನನಗಿಂತ ಚೆನ್ನಾಗಿ ನಡೆಸಿಕೊಟ್ಟವು. ರೆಂಬೆ ನೆಟ್ಟ ಎರಡನೆಯ ಬೇಸಿಗೆಗೆ ಎಲೆಗಿಂತ ಕಾಯಿಯೇ ಹೆಚ್ಚು. ಗಾಳಿಗೆ ಕೊಂಬೆ ಮುರಿದರೆ ಏನು ಮಾಡಬೇಕು, ಕಂಬಳಿಹುಳು ಬಿದ್ದರೆ ಏನು ಮಾಡಬೇಕು, ಎಲ್ಲಕ್ಕೂ ನನ್ನ ಪುಸ್ತಕದಲ್ಲಿ ಉಪಾಯವಿತ್ತು. ನಂಟರು ಬಿದ್ದರೆ ಏನು ಮಾಡಬೇಕೆಂಬುದಕ್ಕೆ ಇರಲಿಲ್ಲ. ಆ ಸೀಮೆಯಲ್ಲಿ, ಬಹುಶಃ ನಿಮ್ಮಲ್ಲೂ, ಕರಿಬೇವು, ಮಜ್ಜಿಗೆ, ನುಗ್ಗೆಕಾಯಿ ಇವೆಲ್ಲ ಕೇಳಿ ತರುವ ವಸ್ತುಗಳು. ಕೊಂಡು ತಂದವನಿಗೆ ಊರಲ್ಲಿ ಬೇಕಾದವರು ಯಾರೂ ಇಲ್ಲವೆಂದು ಅರ್ಥ. ಕೊಟ್ಟು ದುಡ್ಡು ಈಸಿಕೊಂಡವನ ಬಗ್ಗೆ ಜನ ಏನೆನ್ನುತ್ತಾರೋ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಈಸಿಕೊಂಡಿರಲಿಲ್ಲ. ಹಿತ್ತಲಲ್ಲಿ ಒಂದು ಮರವಿದ್ದಾಗ ಇದು ಚೆಂದದ ಪದ್ಧತಿ. ಕರಿಬಸಪ್ಪನವರಿಗೆ ಒಂದು ಎಕರೆ ಇತ್ತು. ಬೆಳಿಗ್ಗೆ ಎದ್ದರೆ ಹೊಲದ ಬದುವಿನ ಮೇಲೆ ಜನ, "ಸಾರಿಗೆ ನಾಲ್ಕು ಕಾಯಿ" ಎಂದು. ಇವರು ದೋಟಿ ಹಿಡಿದು ತಾವೇ ಕಿತ್ತು, ಎಳೆಯದು ಆರಿಸಿ ಕೊಡುವರು. ಒಂದು ಮದುವೆಮನೆಯವರು ತಲೆಹೊರೆಯೇ ಹೊತ್ತರು. ಬದಲಿಗೆ ಇವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಇವರದೇ ಕಾಯಿಯ ಸಾರನ್ನು ಎರಡು ಸಲ ಬಡಿಸಿದರಂತೆ.

ಸಂತೆಗೆ ಒಯ್ಯಿರಿ ಎಂದೆ. ಸಂತೇಬೆನ್ನೂರಿನ ಸಂತೆಯಲ್ಲಿ ಅವರ ಊರೇ ಇತ್ತು. ದಾವಣಗೆರೆ ಮಂಡಿಗೇಕೆ ಕಳಿಸಲಿಲ್ಲ ಎಂದು ನೀವು ಕೇಳುತ್ತೀರಿ. ಎರಡು ಬುಟ್ಟಿ ತಂದವನನ್ನು ಅಲ್ಲಿ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹಾಗಾಗಿ ನಂಟರಿಲ್ಲದ ಸಂತೆಯನ್ನು ಹುಡುಕುವುದು ನಮ್ಮ ಯೋಜನೆಯ ಮುಂದಿನ ಹಂತವಾಯಿತು. ನ್ಯಾಮತಿಗೆ ಹೋದರೆ ಅಲ್ಲಿ ಅವರ ಅಕ್ಕನನ್ನು ಕೊಟ್ಟಿತ್ತು. ಅಕ್ಕ ಸಂತೆಗೇ ಬಂದು, ತಮ್ಮ ಬೆಳೆದದ್ದು ಎಂದು ಹೆಮ್ಮೆಯಿಂದ ಬುಟ್ಟಿಯನ್ನು ತನ್ನ ಬೀದಿಗೆಲ್ಲ ಹಂಚಿ, ತಮ್ಮನಿಗೆ ಹೊಸ ಟವಲು ಹೊದಿಸಿ ಕಳಿಸಿದಳು. ಜಗಳೂರು ದೂರ, ಬೇರೆ ಜಿಲ್ಲೆ ಬೇರೆ, ಅಲ್ಲಿ ಯಾರಿರುತ್ತಾರೆ ಎಂದೆ. ಅದು ಹಾಲಮ್ಮನ ತವರು. ಭಾವ ಬುಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕೂತದ್ದನ್ನು ಕಂಡ ಹಾಲಮ್ಮನ ತಮ್ಮನಿಗೆ ಕಣ್ಣಲ್ಲಿ ನೀರೇ ಬಂತಂತೆ. ಮನೆತನದ ಮಾನದ ಮಾತಾಡಿ, ಬುಟ್ಟಿಯನ್ನು ತಾನೇ ಹೊತ್ತು ಮನೆಗೆ ಕರೆದೊಯ್ದು, ಹೋಳಿಗೆ ಹಾಕಿ, ಬರುವಾಗ ಅದೇ ಬುಟ್ಟಿಯ ತುಂಬ ಶೇಂಗಾ ತುಂಬಿಸಿ ಬಸ್ಸು ಹತ್ತಿಸಿದ.

ಆ ವಾರ ಹೋದಾಗ ಹಾಲಮ್ಮ ನನಗೆ ಮಣೆ ಹಾಕಲಿಲ್ಲ. ಒಳಗೆ ಕರೆದು ಜೋಳದ ಗುಡಾಣದ ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ. ತಳದ ಮಣ್ಣು ಕಾಣುತ್ತಿತ್ತು.

"ನಿಮ್ಮ ಕಾಯಿ ನಾಲ್ಕು ತಾಲ್ಲೂಕು ಉಂಡೈತೆ, ಸಾರ್. ಮುಂಗಾರು ಬಿತ್ತಾಕೆ ಮುಂಚೆ ಈ ಗುಡಾಣದಾಗೆ ಜೋಳ ಬೀಳ್ಲಿಲ್ಲ ಅಂದ್ರೆ, ಗಿಡಕ್ಕೆ ಕೊಡ್ಲಿ ಹಾಕಸ್ತೀನಿ. ಆಮ್ಯಾಕೆ ನೀವು ಬರದಿದ್ರೂ ನಡಿತೈತೆ."

ಮೂರು ತಾಲ್ಲೂಕು ಎಂದು ತಿದ್ದಬೇಕೆನಿಸಿತು, ತಿದ್ದಲಿಲ್ಲ. ಒಂದು ಎಕರೆ ಹೊಸ ಬೇಸಾಯಕ್ಕೆ ತಿರುಗಿತು ಎಂದು ನಾನಾಗಲೇ ಮೇಲಧಿಕಾರಿಗಳಿಗೆ ಬರೆದು ಕಳಿಸಿದ್ದೆ. ಆ ನಾಚಿಕೆಯೂ, ಗುಡಾಣದ ತಳವೂ ಸೇರಿ ನನ್ನ ಬಾಯಿಂದ ಒಂದು ಮಾತು ಹೊರಡಿಸಿದವು. ನಾನು ಹಾಸನದ ಕಡೆಯವನು, ಈ ಸೀಮೆಯಲ್ಲಿ ನನಗೊಬ್ಬ ಬೀಗನಿಲ್ಲ, ಹೊನ್ನಾಳಿ ಸಂತೆಯಲ್ಲಿ ನಾನೇ ಕೂತು ಮಾರುತ್ತೇನೆ ಎಂದೆ. ಬೆಲೆ ಕೇಳುವುದು ಹೇಗೆಂದು ಕರಿಬಸಪ್ಪನವರು ನೋಡಿ ಕಲಿಯಲಿ.

ಹೊನ್ನಾಳಿಯಲ್ಲಿ ನಾನು ಮೊದಲು ಮೂರು ವರ್ಷ ಕೆಲಸ ಮಾಡಿದ್ದೆ ಎನ್ನುವುದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಆ ಮೂರು ವರ್ಷದಲ್ಲಿ ನಾನು ಏನೇನು ತಿಂದಿದ್ದೆ ಎನ್ನುವುದು ಸಂತೆಯಲ್ಲಿ ಕೂತ ಮೇಲೆ ಒಂದೊಂದಾಗಿ ನಡೆದು ಬಂತು. ಚಹಾಕ್ಕೆ ಎಂದೂ ಕಾಸು ಮುಟ್ಟದ ಹೋಟೆಲಿನವರು ಬಂದರು. ಹಸಿ ಕಡಲೆ ಸುಟ್ಟುಕೊಟ್ಟವರು, ಸೊಗಡವರೆ ಚೀಲ ಸೈಕಲ್ಲಿಗೆ ಕಟ್ಟಿಕೊಟ್ಟವರು, ಮಳೆಯಲ್ಲಿ ಸಿಕ್ಕಿದಾಗ ಒಣ ಪಂಚೆ ಕೊಟ್ಟವರು, ಎಲ್ಲರೂ ಬಂದರು. "ಏನ್ ಸಾರ್, ಇಲ್ಲಿ?" ಎಂದು ಅವರು ನಗುವುದರೊಳಗೆ ನನ್ನ ಕೈ ನಾಲ್ಕು ಕಾಯಿ ಎತ್ತಿ ಕೊಟ್ಟಿರುತ್ತಿತ್ತು. ಒಬ್ಬ ಮುದುಕರು ಪಾಪ ತಾವಾಗಿಯೇ ದುಡ್ಡು ಚಾಚಿದರು. ನಾನು ಅವರ ಮುಷ್ಟಿ ಮಡಚಿ, ನಿಮ್ಮ ಹತ್ತಿರ ಈಸಿಕೊಳ್ಳುವುದೇ ಎಂದೆ. ಎರಡೂ ಬುಟ್ಟಿ ಖಾಲಿಯಾದ ಮೇಲೆ ಕರಿಬಸಪ್ಪ ಅವನ್ನು ಒಂದರೊಳಗೊಂದು ಇಟ್ಟು, ಆ ದಿನದ ಒಂದೇ ಒಂದು ಮಾತು ಆಡಿದರು.

"ನೀವೂ ನಮ್ಮೋರೇ ಆಗಿಬಿಟ್ರಿ, ಸಾರ್."

ಇಷ್ಟು ಮರ್ಯಾದೆಯ ಮಾತಿನಿಂದ ಅಷ್ಟು ಮಾನ ಹೋದದ್ದು ನನಗೆ ಬೇರೆಲ್ಲೂ ನೆನಪಿಲ್ಲ.

ಖಾಲಿ ಬುಟ್ಟಿ ಕಂಡು ಹಾಲಮ್ಮ ಬೈಯುತ್ತಾರೆಂದು ಕಾದೆ. ಅವರು ಬುಟ್ಟಿಯನ್ನೇ ನೋಡುತ್ತಿದ್ದರು. ಜಗಳೂರಿನಿಂದ ಇದು ಬರಿದಾಗಿ ಬರಲಿಲ್ಲವಲ್ಲ ಎಂದರು. ನಾನು ತಲೆಯಾಡಿಸಿದೆ, ಅರ್ಥವಾಗದೆ.

ಆಮೇಲೆ ಅವರು ಮಾಡಿದ್ದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಹೊಲದ ಬದುವಿನ ಮೇಲೆ ಕಾಯಿ ಕೊಡುವುದನ್ನು ನಿಲ್ಲಿಸಿದರು. ಬಂದವರಿಗೆಲ್ಲ, ನೀವ್ಯಾಕೆ ಬಿಸಿಲಲ್ಲಿ ನಿಲ್ಲುತ್ತೀರಿ, ಮನೆಗೇ ಕಳಿಸುತ್ತೇನೆ ಎಂದರು. ಕಳಿಸಿದರು, ತಮ್ಮ ಮನೆಯ ಪಾತ್ರೆಯಲ್ಲಿ. ಅಲ್ಲಿನ ಹೆಂಗಸರು ಏನನ್ನು ಬೇಕಾದರೂ ಮಾಡಿಯಾರು, ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಮಾತ್ರ ಹಿಂದಕ್ಕೆ ಕಳಿಸುವುದಿಲ್ಲ. ಒಂದು ಹಿಡಿ ಕಾಳಾದರೂ ಹಾಕಬೇಕು. ಮೊದಲ ವಾರ ಪಾವಿನಷ್ಟು ಹಿಡಿಯುವ ಪಾತ್ರೆ ಹೋಗಿ ಜೋಳ ಹೊತ್ತು ಬಂತು. ಎರಡನೆಯ ವಾರ ಸೇರಿನ ಪಾತ್ರೆ. ಮೂರನೆಯ ವಾರದಿಂದ ಹಿತ್ತಾಳೆಯ ಬೋಗುಣಿ. ಅಷ್ಟು ದೊಡ್ಡ ಬೋಗುಣಿಯ ತಳಕ್ಕೆ ಒಂದು ಹಿಡಿ ಕಾಳು ಹಾಕಿ ಕಳಿಸಲು ಯಾವ ಗೃಹಿಣಿಗೆ ಮನಸ್ಸು ಬರುತ್ತದೆ? ಯಾರೂ ಬೆಲೆ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮದುವೆಮನೆಯವರಿಗೆ ಕೊಪ್ಪರಿಗೆಯೇ ಹೋಯಿತೆಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗುತ್ತಿದ್ದೆ, ಆದರೆ ಅದು ನಾನು ಸೇರಿಸಿದ್ದೇ ಇರಬೇಕು. ಗುಡಾಣ ಮಾತ್ರ ನಿಜ. ಮುಂಗಾರಿನ ಮೊದಲ ಗುಡುಗು ಕೇಳುವ ಹೊತ್ತಿಗೆ ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಜೋಳ ಅಷ್ಟು ಮೇಲಕ್ಕೆ ಬಂದಿತ್ತು. ಕೊಡಲಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಕರಿಬಸಪ್ಪ ಉಳಿದ ಎಕರೆಯ ಬದುವಿಗೂ ಒಂದು ಸಾಲು ನುಗ್ಗೆ ನೆಟ್ಟರು.

ನಾನು ವರದಿಯಲ್ಲಿ, ಉತ್ಪನ್ನಕ್ಕೆ ಸ್ಥಳೀಯ ಮಾರುಕಟ್ಟೆ ವ್ಯವಸ್ಥೆಯನ್ನು ರೂಪಿಸಲಾಯಿತು ಎಂದು ಬರೆದೆ. ರೂಪಿಸಿದವರು ಯಾರೆಂದು ಬರೆಯುವ ಪದ್ಧತಿ ವರದಿಗಳಲ್ಲಿ ಇಲ್ಲ.

ಆ ಖುಷಿಯಲ್ಲಿ ಒಂದು ದಿನ ಹಾಲಮ್ಮನಿಗೆ, ನಮ್ಮ ಮನೆಯಲ್ಲೂ ನುಗ್ಗೆಕಾಯಿ ಎಂದರೆ ಪ್ರಾಣ ಎಂದು ಸುಮ್ಮನೆ ಹೇಳಿದೆ. ಕಳಿಸೋಣಂತೆ ಎಂದರು. ಮಾರನೆಯ ದಿನ ಬೋಗುಣಿಯೇ ಬಂತು, ತುಂಬ ಕಾಯಿ. ಸಾರು ಉಂಡು ಕೈತೊಳೆದ ಮೇಲೆ ನನ್ನ ಹೆಂಡತಿ ಆ ಬೋಗುಣಿಯನ್ನು ನಡುಮನೆಯಲ್ಲಿಟ್ಟು ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಜೋಳವಿರಲಿಲ್ಲ. ಅಕ್ಕಿ ಅಳೆದರೆ ತಿಂಗಳ ಕೊನೆಗೆ ನಾವು ಪರದಾಡಬೇಕು. ಇದ್ದದ್ದು ರೇಷನ್ನಿನ ಗೋಧಿ. ಅದನ್ನೇ ತುಂಬಿ, ಸೈಕಲ್ಲಿಗೆ ಕಟ್ಟಿ ಒಯ್ದೆ. ಹಾಲಮ್ಮ ಒಂದು ಹಿಡಿ ತೆಗೆದು, ಬೆರಳ ಸಂದಿಯಿಂದ ಸೋರಿಸಿ, ಕಲ್ಲು ಆರಿಸಿ ಎಸೆದು, ಮೂಸಿ ನೋಡಿದರು.

"ಇರ್ಲಿ ಬಿಡ್ರಿ ಸಾರ್," ಎಂದರು, ನನಗೆ ಬೇಜಾರಾಗದ ಹಾಗೆ. "ಕೋಳಿಗೆ ಆಗ್ತೈತೆ."

ಮುಂದಿನ ವಾರವೂ ನಮ್ಮ ಮನೆಗೆ ತಪ್ಪದೆ ಕಾಯಿ ಬಂತು. ಲೋಟದಲ್ಲಿ. ಎರಡು ಕಾಯಿ, ಹೂದಾನಿಯಲ್ಲಿಟ್ಟ ಹಾಗೆ ನೆಟ್ಟಗೆ ನಿಂತಿದ್ದವು.