ಕಲ್ಲೊಡಕ ಸತ್ವದವರಿಗೆ, ಕೊಸರಿನ ವಿಷಯವಾಗಿ

ಕಂದು ಸೀಸೆಯೊಳಗೆ ಬಿಗಿಮುಚ್ಚಳ ಧರಿಸಿ ವಿರಾಜಮಾನರಾಗಿರುವ ಚಾಂಕಪಿಯೆದ್ರ ಸತ್ವದವರ ಸನ್ನಿಧಾನಕ್ಕೆ, ಉವಾಂಕಾಯೊ ಪಟ್ಟಣದ ಸಂತೆಬೀದಿಯ ಹಿಲಾರಿಯೊ ಪೊಮ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ನೆಲನೆಲ್ಲಿಯ ಕುಲದಲ್ಲಿ ಹುಟ್ಟಿ, 'ಚಾಂಕಪಿಯೆದ್ರ', ಅಂದರೆ 'ಕಲ್ಲೊಡಕ', ಎಂಬ ಬಿರುದನ್ನೇ ಹೆಸರಾಗಿ ಹೊತ್ತ ತಮ್ಮನ್ನು, ತಾವಿನ್ನೂ ಬರೀ ಸೊಪ್ಪಾಗಿದ್ದ ಕಾಲದಿಂದಲೂ ನಾನು ಬಲ್ಲೆ. ನನ್ನ ಹೆಂಡತಿ, ಒತಿಲಿಯ ಎಂಬಾಕೆ, ಬೆಳಗಿನ ಚಳಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು, ಬಾರ್ಲಿ, ಅಗಸೆಬೀಜಗಳ ಜೊತೆ ತಮ್ಮನ್ನೂ ಒಂದು ಹಿಡಿ ಕುದಿಸಿ, ಬಿಸಿಬಿಸಿ ಎಮೊಲಿಯೆಂತೆ ಕಷಾಯ ಮಾರುವವಳು. ಕುಡಿದು ಮುಗಿಸಿದ ಗಿರಾಕಿ ಗ್ಲಾಸನ್ನು ಮತ್ತೆ ಮುಂದೆ ಚಾಚಿ 'ಯಾಪ ಹಾಕವ್ವಾ' ಎಂದರೆ ಇನ್ನಷ್ಟು ಕೊಸರು ಹುಯ್ಯುವುದು ಇಲ್ಲಿಯ ಧರ್ಮ. ಯಾಪ ಹಾಕದವಳ ಗಾಡಿಯ ಹತ್ತಿರ ನಾಯಿಯೂ ಸುಳಿಯುವುದಿಲ್ಲ.

ಹೀಗಿರಲು ಒತಿಲಿಯಳ ಕಿಡ್ನಿಯಲ್ಲೇ ಕಲ್ಲೊಂದು ಬಂದು ಕೂತಿತು. ಅವಳದೇ ಪಾತ್ರೆಯಲ್ಲಿ ಕುದಿಯುತ್ತಿದ್ದ ತಾವು ಅವಳಿಗೆ ಹಿತ್ತಲ ಗಿಡವಾದಿರಿ, ಮದ್ದಾಗಲಿಲ್ಲ; ಆದರೆ ಅವಳು ಕೂತಿದ್ದ ಬಸ್ಸನ್ನು ಹತ್ತಿದ, ಟೈ ಕಟ್ಟಿದ ಮಾರಾಟಗಾರನೊಬ್ಬ 'ತಾಯೀ, ಒಂದು ಮೂಟೆ ಸೊಪ್ಪು ಈ ಸೀಸೇಲಿದೆ, ಕಿಡ್ನಿ ತೊಳೆಯುತ್ತೆ, ಲಿವರ್ ತೊಳೆಯುತ್ತೆ, ಗಂಡನ ಕೋಪಾನೂ ಇಳಿಸುತ್ತೆ' ಎಂದು ಕೂಗಿದ್ದೇ ತಡ, ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ಸೀಸೆಯ ಚೀಟಿಯ ಮೇಲೆ ಬರೆದಷ್ಟು ಹನಿಗಳನ್ನು ಅವಳು ಭಕ್ತಿಯಿಂದ ಎಣಿಸಿ ಹಾಕಿಕೊಂಡಳು, ಆಮೇಲೆ ಕೈ ತಡೆಯದೆ ಮೇಲಿಂದ ಇನ್ನಷ್ಟು ಸುರಿದುಕೊಂಡಳು. ಅದೇನೆಂದು ಕೇಳಿದರೆ, 'ಸುಮ್ನಿರು ಮಾರಾಯ, ಊರಿಗೆಲ್ಲ ಯಾಪ ಹಾಕಿದೀನಿ, ನನಗೆ ನಾನೇ ಹಾಕ್ಕೊಂಡ್ರೆ ನಿನ್ನ ಗಂಟೇನು ಹೋಯ್ತು?' ಎಂದಳು. ಅಂದಿನಿಂದ ಪ್ರತಿ ಸಲವೂ ಹಾಗೆಯೇ ನಡೆಯಿತು.

ತಮ್ಮ ಕೃಪೆಯಿಂದ ಅವಳ ಕಣ್ಣು ಮೆಕ್ಕೆಜೋಳದ ಹಿಟ್ಟಿನ ಹಳದಿಗೆ ತಿರುಗಿತು, ಊಟ ಸೇರದಾಯಿತು, ಆಸ್ಪತ್ರೆ ಸೇರಿದೆವು. ಅಲ್ಲಿಯ ಡಾಕ್ಟರಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು, 'ಸೊಪ್ಪು ಕುದಿಸಿದ ನೀರೇ ಬೇರೆ, ಹಿಂಡಿ ಗಟ್ಟಿ ಮಾಡಿದ್ದೇ ಬೇರೆ ಅಜ್ಜಿ. ಇದರೊಳಗೆ ಇನ್ನೇನೇನು ಸೇರಿಸಿದಾರೋ ಯಾರಿಗ್ಗೊತ್ತು? ನಿಮ್ಮ ಲಿವರ್ ಸೋತಿದೆ, ಕಿಡ್ನೀನೂ ಬಳಲಿದೆ' ಎಂದರು. ಕಲ್ಲು ಏನಾಯಿತು ಎಂದು ನಾನು ಕೇಳಿದೆ. ಅದು ಇದ್ದಲ್ಲೇ ಇದೆಯಂತೆ, ಒಂದು ಗೀರೂ ಬಿದ್ದಿಲ್ಲವಂತೆ.

ಮಾನ್ಯರೇ, ಹೆಸರಿಗೇ ವಿರುದ್ಧವಾಗಿ ಇಷ್ಟು ನಿಷ್ಠೆಯ ಅಹಿಂಸಾವ್ರತ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮಗೆ ಅನ್ಯಾಯವಾಗಬಾರದೆಂದು, ಸೀಸೆಯಲ್ಲಿ ಉಳಿದ ತಮ್ಮಲ್ಲಿ ಸ್ವಲ್ಪವನ್ನು ನಮ್ಮ ಮೆಟ್ಟಿಲ ಕಲ್ಲಿನ ಮೇಲೂ ಸುರಿದು ನೋಡಿದೆ, ಅದೂ ಕ್ಷೇಮ. ಆದರೆ ಆಸ್ಪತ್ರೆಯ ಮಂಚದಲ್ಲಿ ಒತಿಲಿಯ, ಗೋಡೆಗೆ ಮುಖ ಮಾಡಿ ಮಲಗಿದಾಗ ನಾನು ಹೆದರಿದೆ. ಅವಳಿಲ್ಲದ ಗಾಡಿಯನ್ನು ಏನು ಮಾಡಬೇಕೆಂದು ತೋಚದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಆದಕಾರಣ ನನ್ನ ಬಿನ್ನಹವಿಷ್ಟೇ. ಮುಂದೆ ಯಾರದೇ ಹೊಟ್ಟೆಗೆ ಇಳಿಯುವಾಗ ಕಲ್ಲು ಯಾವ ಕೇರಿಯಲ್ಲಿದೆಯೆಂದು ವಿಚಾರಿಸಿಕೊಂಡು ಹೋಗಬೇಕು. ತಮ್ಮಲ್ಲಿ ಯಾಪವಾಗಿ ಬಿದ್ದ ಹನಿಗಳು ಗಂಟಲಿನಿಂದಲೇ ಹಿಂದಿರುಗಿ ಸೀಸೆಗೆ ನಡೆದುಬರಬೇಕು. ಇದಾವುದೂ ಆಗದಿದ್ದಲ್ಲಿ ದಯಮಾಡಿ ಮತ್ತೆ ಸೊಪ್ಪಾಗಿ ಹುಟ್ಟಬೇಕು.

ತಮ್ಮ ಒಂದು ಹನಿಯನ್ನೂ ನಾಲಿಗೆಗೆ ತಾಕಿಸದೆ ಆರೋಗ್ಯದಿಂದಿರುವ,

ತಮ್ಮ ವಿಶ್ವಾಸಿ,
ಹಿಲಾರಿಯೊ ಪೊಮ

ತಾ.ಕ.: ಕಣ್ಣಿನ ಹಳದಿ ಇಳಿಯುತ್ತಿದೆ. ಇವತ್ತು ಬೆಳಗ್ಗೆ ಡಾಕ್ಟರಮ್ಮ 'ಹೇಳಿದ್ದು ಕೇಳಿದ್ರೆ ಇನ್ನು ಹತ್ತು ವರ್ಷಕ್ಕೆ ಯೋಚನೆ ಇಲ್ಲ' ಎಂದಾಗ, ಗೋಡೆ ನೋಡುತ್ತಿದ್ದ ಒತಿಲಿಯ ಈ ಕಡೆ ಹೊರಳಿ, ಖಾಲಿ ಲೋಟ ಮುಂದೆ ಚಾಚಿ, 'ಹತ್ತು ಸರಿ, ಮತ್ತೆ ಯಾಪ?' ಎಂದಳು. ಡಾಕ್ಟರಮ್ಮ ನಕ್ಕರು, ಹಾಕಲಿಲ್ಲ. ಅದನ್ನು ತಾವೇ ಹಾಕತಕ್ಕದ್ದು, ಹನಿಗಳಲ್ಲಿ ಅಲ್ಲ, ವರ್ಷಗಳಲ್ಲಿ.