ಉಸಿರು ತಾಗದ ಬಿಲ್ಲೆ

ತುಕ್ಕಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಬ್ಬಿಣದ ನೈಟ್ರೇಟನ್ನು ವರ್ಷಗಟ್ಟಲೆ ಕಾಯಿಸಿದ ತಪ್ಪಿಗೆ ಪ್ರಯೋಗಾಲಯದವರು ಕಟ್ಟಿದ್ದು. ಕಾಯಿಸಿದರೆ ಆ ಹರಳಿನ ನೀರು ಹೋಗುತ್ತದೆ, ಆಮೇಲೆ ನೈಟ್ರೇಟ್ ಕಂದು ಹೊಗೆಯಾಗಿ ಹೋಗುತ್ತದೆ, ಕೊನೆಗೆ ಉಳಿಯುವುದು ತುಕ್ಕು. ಇದನ್ನು ಅತಿಗೆಂಪು ಬೆಳಕಿನ ಯಂತ್ರ ಗೆರೆ ಎಳೆದು ತೋರಿಸಿಬಿಟ್ಟರೆ ಅವನ ಪ್ರಬಂಧ ಮುಗಿದಂತೆ. ನೀರು, ನೈಟ್ರೇಟ್, ತುಕ್ಕು ಮೂರಕ್ಕೂ ಆ ಗೆರೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಗುರುತು ಬೀಳುತ್ತದೆ. ಯಂತ್ರ ಅವನ ಕೈಯಲ್ಲಿರುವುದು ಇವತ್ತು ಸಂಜೆಯವರೆಗೆ. ಆಮೇಲೆ ಒಂದು ತಿಂಗಳು ಎದುರು ಮೇಜಿನ ಅಕ್ಕನ ಸರದಿ.

"ಇವತ್ತು ಗೆರೆ ಬರದಿದ್ರೆ ನನ್ನ ಹೆಸರು ಬದಲಾಯಿಸಿ," ಎಂದು ಬೆಳಿಗ್ಗೆಯೇ ಸಾರಿದ. ಅದು ಆಗಲೇ ಬದಲಾಗಿದೆಯಲ್ಲ ಎಂದು ಸ್ಟೋರಿನ ಯಜಮಾನರು ನೆನಪಿಸಿದರು.

ಕಾಯಿಸಿದ ಪುಡಿಯನ್ನು ಉಪ್ಪಿನಂಥ ಬಿಳಿ ಪುಡಿಯ ಜೊತೆ ಅರೆದು, ಒತ್ತಿ, ತೆಳ್ಳನೆಯ ಬಿಲ್ಲೆ ಮಾಡಿದ. ಅದಕ್ಕೆ ತೇವ ತಾಗಿದರೆ ಕೆಟ್ಟಿತು. ಡಬ್ಬಿಗೆ ಹಾಕಿ, ಅಂಗಿಯ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು ಯಂತ್ರದ ಕೋಣೆಗೆ ಹೋದ. ಯಂತ್ರ ಶುರುಮಾಡುವಷ್ಟರಲ್ಲಿ ಯಜಮಾನರು ಬಂದರು, ಬೆನ್ನಿಗೇ ಅಕ್ಕ. ಅವರು ಬಟನ್ ಒತ್ತಬೇಡ ಎಂದರು, ಇವಳು ಒತ್ತು ಎಂದಳು. ಆ ಗಡಿಬಿಡಿಯಲ್ಲೇ ಒತ್ತಿದ.

ಪರದೆಯಲ್ಲಿ, ನೀರಿದ್ದರೆ ಕಾಣುವ ಜಾಗದಲ್ಲಿ, ಗೆರೆ ಗರಗಸದ ಹಲ್ಲಾಯಿತು. ಸಲಹೆ ಹೆಚ್ಚಿದಷ್ಟೂ ಹಲ್ಲು ಉದ್ದವಾದವು. ತನ್ನ ಬಿಲ್ಲೆ ತಪ್ಪುವುದುಂಟೆ? ಇದು ಇವರ ಉಸಿರಿನ ತೇವವೇ ಎಂದು ತುಕ್ಕಪ್ಪ ತೀರ್ಮಾನಿಸಿದ. ಮಧ್ಯಾಹ್ನವೆಲ್ಲ ಹಲ್ಲು ಕಚ್ಚಿಕೊಂಡಿದ್ದು, ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟ.

"ಅಕ್ಕಾ, ನೀವಿಬ್ಬರೂ ಸ್ವಲ್ಪ ಹೊರಗೆ ಹೋಗಿ ಉಸಿರಾಡಿ."

ಯಜಮಾನರು ಮುಖ ಊದಿಸಿಕೊಂಡು ಹೋದರು. ಅಕ್ಕ ನಗುತ್ತಲೇ ಹೋದಳು.

ಬಾಗಿಲು ಹಾಕಿ, ತಾನೂ ಉಸಿರು ಬಿಗಿಹಿಡಿದು ಮತ್ತೆ ಒತ್ತಿದ. ನೀರಿಲ್ಲ, ನೈಟ್ರೇಟಿಲ್ಲ, ಇಸ್ತ್ರಿ ಮಾಡಿದಂಥ ಗೆರೆ. ಅವನಿಗೆ ಅಳುವಷ್ಟು ಸಂತೋಷವಾಯಿತು. ಗೆರೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಗೈಡ್ ಮೇಡಂ ಹತ್ತಿರ ಓಡಿದ.

ಮೇಡಂ ಕನ್ನಡಕ ಏರಿಸಿ ನೋಡಿದರು. "ನೀರು ಹೋಗಿದೆ, ನೈಟ್ರೇಟೂ ಹೋಗಿದೆ, ಬಹಳ ಒಳ್ಳೇದು. ತುಕ್ಕು ಎಲ್ಲಿಗಪ್ಪಾ ಹೋಯ್ತು?"

ಹೋದದ್ದನ್ನು ನೋಡಿ ಕುಣಿದವನು ಉಳಿಯಬೇಕಾದದ್ದನ್ನು ನೋಡಿರಲಿಲ್ಲ. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಡಬ್ಬಿಯೊಳಗೆ ಕೆಂಪು ಬಿಲ್ಲೆ, ಯಾರ ಉಸಿರೂ ತಾಗದೆ, ಬೆಚ್ಚಗೆ ಕೂತಿತ್ತು. ಇಡೀ ದಿನ ಅವನು ಅಳೆದದ್ದು ಕೋಣೆಯ ಗಾಳಿಯನ್ನು.

ಎದ್ದೆನೋ ಬಿದ್ದೆನೋ ಎಂದು ವಾಪಸು ಓಡಿದ. ಸಂಜೆಯಾಗಿತ್ತು, ಯಂತ್ರದ ಮುಂದೆ ಅಕ್ಕ ಕೂತಿದ್ದಳು. ಒಂದೇ ಒಂದು ಸಲ ಬಿಟ್ಟುಕೊಡಿ ಎಂದು ಗೋಗರೆದ.

ಅಕ್ಕ ತಿರುಗಿಯೂ ನೋಡಲಿಲ್ಲ.

"ನನ್ನ ಬಿಲ್ಲೆ ಒಳಗಿದೆ ಕಣೋ ತುಕ್ಕಪ್ಪ. ಒಂದು ತಿಂಗಳು ನೀನು ಹೊರಗೆ ಹೋಗಿ ಉಸಿರಾಡು."